ಕೋವಿ ಸೇರಿದಲ್ಲಿ ಹೊಣೆ ಯಾರದು?

ಭತ್ತದ ನಾಟಿ ಮುಗಿದು ಸೆಪ್ಟೆಂಬರ್ ಬಂತೆಂದರೆ ಕೊಡಗಿನಲ್ಲಿ ಕೈಲುಮುಹೂರ್ತ. ಮನೆಯ ಕೋವಿಗಳನ್ನು ಒರಸಿ, ಎಣ್ಣೆ ಹಾಕಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ದೀಪದ ಮುಂದೆ ಇಡುತ್ತಾರೆ. ಪೂಜೆ, ಊಟಗಳಾದ ಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಡುಗೆ ಯಾರ ಉಸ್ತುವಾರಿ, ಬಹುಮಾನ ಯಾರ ಲೆಕ್ಕ ಎಂಬುದೆಲ್ಲ ವಾರದ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿ ಸೇರುವ ಇಪ್ಪತ್ತು ಮೂವತ್ತು ಕೋವಿಗಳ ಹೊಣೆ ಯಾರದೆಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ಇತರ ಕಡೆಯ ಬೆಳೆಗಾರರಿಗೂ ಈ ಪ್ರಶ್ನೆ ಅನ್ವಯಿಸುವುದರಿಂದ ಇಲ್ಲಿ ನಾಲ್ಕು ಮಾತು.

ಅಮೆರಿಕದಲ್ಲಿ ಕೋವಿಗಳದೇ ಸಂತೆ ನಡೆಯುವುದುಂಟು. ನಮ್ಮ ದನದ ಜಾತ್ರೆಯಂತೆ ಜನ ತಮ್ಮ ಕೋವಿಗಳನ್ನು ತಂದು ಮಾರುತ್ತಾರೆ, ಕೊಳ್ಳುತ್ತಾರೆ. 2013ರ ಜನವರಿ 19ರಂದು, ಒಂದೇ ದಿನ, ಮೂರು ರಾಜ್ಯಗಳ ಇಂಥ ಸಂತೆಗಳಲ್ಲಿ ಅನಾಹುತವಾಯಿತು. ರ‍್ಯಾಲಿ ನಗರದಲ್ಲಿ ಒಬ್ಬಾತ ಮಾರಲು ತಂದ 12 ಬೋರಿನ ಕೋವಿಯನ್ನು ಬಾಗಿಲಲ್ಲಿ ತಪಾಸಣೆಗೆಂದು ಚೀಲದಿಂದ ತೆಗೆಯುವಾಗಲೇ ಈಡು ಹಾರಿ ಮೂವರಿಗೆ ಚರೆ ತಗಲಿತು. ಒಹಾಯೊ ರಾಜ್ಯದ ಮೆಡೀನಾದಲ್ಲಿ ವ್ಯಾಪಾರಿಯೊಬ್ಬ ಆಗಷ್ಟೇ ಕೊಂಡ ಪಿಸ್ತೂಲನ್ನು ಪರೀಕ್ಷಿಸುತ್ತಿದ್ದ. ಗುಂಡಿನ ಡಬ್ಬಿ ತೆಗೆದಾಗಿತ್ತು, ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿತ್ತು. ಅದು ನೆಲಕ್ಕೆ ಬಡಿದು ಪುಟಿದು ಅವನ ಸ್ನೇಹಿತನಿಗೇ ತಗಲಿತು. ಇಂಡಿಯಾನಾಪೊಲಿಸ್‌ನಲ್ಲಿ ಒಬ್ಬ ಸಂತೆ ಮುಗಿಸಿ ಹೊರಡುವಾಗ ತನ್ನ ಪಿಸ್ತೂಲಿಗೆ ಗುಂಡು ತುಂಬಲು ಹೋಗಿ ಕೈಗೆ ಹೊಡೆದುಕೊಂಡ. ಮೂವರೂ ಆಯುಧ ಬಲ್ಲವರೇ. ಅನಾಹುತವಾದದ್ದು ಗುರಿ ಇಡುವಾಗಲ್ಲ. ತರುವಾಗ, ನೋಡುವಾಗ, ಹೊರಡುವಾಗ.

ಇದಕ್ಕಿಂತ ಘೋರವಾದದ್ದು 2008ರ ಅಕ್ಟೋಬರ್ 26ರಂದು ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಫೀಲ್ಡ್‌ನಲ್ಲಿ ನಡೆಯಿತು. ಅಲ್ಲಿನ ಕೋವಿ ಪ್ರದರ್ಶನದಲ್ಲಿ ಮಷಿನ್‌ಗನ್ ಹಾರಿಸಲು ಸಾರ್ವಜನಿಕರಿಗೆ ಅವಕಾಶವಿತ್ತು. ಎಂಟು ವರ್ಷದ ಬಾಲಕನ ಕೈಗೆ ಚಿಕ್ಕದೊಂದು ಊಜಿ ಕೊಟ್ಟರು. ಅದರ ಒದೆತಕ್ಕೆ ನಳಿಗೆ ಮೇಲೆದ್ದು ಹಿಂದಕ್ಕೆ ಹೊರಳಿ ಗುಂಡು ಅವನ ತಲೆಗೇ ಹೊಕ್ಕಿತು. ತಂದೆ ಕ್ಯಾಮರಾ ಹಿಡಿದು ಹಿಂದೆಯೇ ನಿಂತಿದ್ದರು. ಹುಡುಗನ ಪಕ್ಕದಲ್ಲಿ ಮೇಲ್ವಿಚಾರಣೆಗಿದ್ದವನು ಹದಿನೈದು ವರ್ಷದ ಬಾಲಕ. ಪ್ರದರ್ಶನ ಏರ್ಪಡಿಸಿದವರು ಒಂದು ಪಟ್ಟಣದ ಪೊಲೀಸ್ ಮುಖ್ಯಸ್ಥರು! ನ್ಯಾಯಾಲಯದಲ್ಲಿ ಅವರ ಪರ ವಕೀಲರು ಹೊಣೆಯನ್ನು ಇತರರತ್ತ ತೋರಿಸಿದರು. 2011ರ ಜನವರಿಯಲ್ಲಿ ಅವರು ಖುಲಾಸೆಯಾದರು. ತೀರ್ಪಿನ ಸರಿ ತಪ್ಪು ನಮ್ಮ ವಿಷಯವಲ್ಲ. ಅಷ್ಟು ಮಂದಿ ದೊಡ್ಡವರಿದ್ದ ಕಡೆ ‘ಈ ಮಗುವಿಗೆ ಬೇಡ’ ಎನ್ನುವುದು ತನ್ನ ಕೆಲಸವೆಂದು ಒಬ್ಬರಿಗೂ ಅನ್ನಿಸಲಿಲ್ಲ.

ಹೊಣೆಯೆಂಬುದು ಜಮೀನಿನಂತೆ ಪಾಲಾಗುವ ವಸ್ತುವಲ್ಲ. ಕೋವಿ ಹಿಡಿದವನದು ಪೂರ್ತಿ, ಕೋವಿಯ ಒಡೆಯನದು ಪೂರ್ತಿ, ಸ್ಪರ್ಧೆ ಏರ್ಪಡಿಸಿದ ಸಂಘದ್ದೂ ಪೂರ್ತಿ.

ಕೋವಿಯ ಒಡೆಯನು ಮನೆಯಿಂದ ಹೊರಡುವ ಮೊದಲೇ ಬರಿದು ಮಾಡತಕ್ಕದ್ದು. ಜೋಡು ನಳಿಗೆಯ ತೋಟಾ ಕೋವಿಯಲ್ಲಿ ಇದು ಸುಲಭ: ನಳಿಗೆ ತೆರೆದರೆ ಆಚೆಯ ಬೆಳಕು ಕಾಣುತ್ತದೆ. ಮೈದಾನದಲ್ಲೂ ತನ್ನ ಸರದಿ ಬರುವವರೆಗೆ ತೆರೆದೇ ಇಟ್ಟುಕೊಂಡರೆ ದೂರದಲ್ಲಿ ನಿಂತವರಿಗೂ ಧೈರ್ಯ. ಕೇಪಿನ ಕೋವಿಯಲ್ಲಿ ಹಾಗೆ ನೋಡಲಾಗದು. ಬರಿದಾಗಿದ್ದಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗೀರು ಹಾಕಿಟ್ಟಿರಬೇಕು. ಮುಂದೆ ಎಂದಾದರೂ ಗೀರು ನಳಿಗೆಯ ಬಾಯಿಗಿಂತ ಮೇಲೆಯೇ ನಿಂತರೆ ಒಳಗೆ ಮದ್ದು ಇದೆಯೆಂದೇ ತಿಳಿಯಬೇಕು. ಕೇಪು ಸಿಡಿದೂ ಈಡು ಹಾರದಿದ್ದರೆ ಕೋವಿಯನ್ನು ತಿರುಗಿಸಿ ನೋಡಬಾರದು. ಗುರಿಯತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಸಂಘದವರು ಮೊದಲು ನೋಡಬೇಕಾದ್ದು ಕಾಯಿಯ ಹಿಂದೆ ಏನಿದೆ ಎಂಬುದನ್ನು. ತೆಂಗಿನಕಾಯಿ ಗುಂಡನ್ನು ತಡೆಯದು. ಪಾಯಿಂಟ್ ಟೂ ಟೂ ರೈಫಲಿನ ಸಣ್ಣ ಗುಂಡು ಕೂಡ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲದು. ಮರಕ್ಕೆ ಕಾಯಿ ಕಟ್ಟಿ, ಹಿಂದೆ ಕಾಫಿ ತೋಟವಿದೆ, ಯಾರೂ ಇಲ್ಲ ಎನ್ನುವುದು ಸಲ್ಲ. ಹಬ್ಬದ ದಿನವೂ ಲೈನಿನ ಮಕ್ಕಳು ತೋಟದಲ್ಲಿ ಓಡಾಡುತ್ತಾರೆ. ಎತ್ತರದ ಮಣ್ಣಿನ ದರೆಯೇ ಬೇಕು, ಕಲ್ಲಿನದಾಗಬಾರದು. ಆಮೇಲೆ, ಸ್ಪರ್ಧೆಯಲ್ಲಿ ಭಾಗವಹಿಸದ ಒಬ್ಬರನ್ನು ಮೈದಾನದ ಯಜಮಾನನೆಂದು ಮೈಕಿನಲ್ಲಿ ಹೆಸರು ಹೇಳಿ ನೇಮಿಸಬೇಕು. ಇವರು ಹಿರಿಯರೇ ಆಗಿರಲಿ. ‘ಮಾವ, ನಳಿಗೆ ಕೆಳಗೆ ಮಾಡಿ’ ಎನ್ನಲು ಹುಡುಗರಿಗೆ ಸಂಕೋಚ, ಹೇಳಿದರೂ ಮಾವ ಕೇಳಬೇಕಲ್ಲ! ಕುಡಿದು ಬಂದವರಿಗೆ, ನೆಂಟರೇ ಆಗಲಿ, ತೋಟಾ ಕೊಡಕೂಡದು. ಪಟ್ಟಣದಿಂದ ಬಂದ ಅತಿಥಿಗಳು ‘ಒಂದೇ ಒಂದು ಈಡು’ ಎಂದು ಕೇಳಿದಾಗ ಇಲ್ಲವೆನ್ನುವುದು ನಮ್ಮಲ್ಲಿ ಅಗೌರವವೆಂಬ ಭಾವನೆಯಿದೆ. ಇಲ್ಲವೆನ್ನುವವನೇ ಒಳ್ಳೆಯ ಆತಿಥೇಯನೆಂದು ನನ್ನ ಅಭಿಪ್ರಾಯ.

ಕಾನೂನಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯುಂಟು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಆದರೆ ಈ ವಿನಾಯಿತಿ ಪರವಾನಗಿಗೆ ಮಾತ್ರ, ಅಜಾಗರೂಕತೆಗೆ ಅಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ಒಡ್ಡಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮದುವೆ ಮನೆಯಲ್ಲಿ ಹಾರಿಸುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಇನ್ನು ಹೊರಡುವ ಹೊತ್ತು. ತೋಟಾಗಳನ್ನು ಒಬ್ಬರ ಬಳಿಯೇ ಇಟ್ಟು, ಒಂದು ಸರದಿಗೆ ಬೇಕಾದಷ್ಟೇ ಕೊಟ್ಟು ಬರೆದುಕೊಂಡಿದ್ದರೆ ಉಳಿದದ್ದೆಷ್ಟೆಂದು ಗೊತ್ತಾಗುತ್ತದೆ. ಲೆಕ್ಕದಲ್ಲಿ ಒಂದು ಕಡಿಮೆ ಬಂದರೂ ಬಹುಮಾನ ವಿತರಣೆ ನಿಲ್ಲಿಸಿ ಪ್ರತಿಯೊಂದು ಕೋವಿಯನ್ನೂ ತೆರೆಸಿ ನೋಡಬೇಕು.