ಬೆಕ್ಕು ಸಾಕಿದ್ದೀರಾ? ಕಣ್ಣಿಟ್ಟಿರಿ

ಕೇರಳದ ಇನ್ಫೋಪಾರ್ಕ್, ಟೆಕ್ನೋಪಾರ್ಕ್‌ಗಳಲ್ಲಿ ಕೆಲಸ ಹಿಡಿದು ಕಾಕ್ಕನಾಡಿನಲ್ಲೋ ಕಳಕ್ಕೂಟಂನಲ್ಲೋ ಮನೆ ಮಾಡಿ, ಜೊತೆಗಿರಲೆಂದು ಬೆಕ್ಕೊಂದನ್ನು ಸಾಕಿಕೊಂಡಿರುವ ನಮ್ಮ ಹುಡುಗ ಹುಡುಗಿಯರಿಗೆ ಹಿರಿಯನಾಗಿ ನಾಲ್ಕು ಮಾತು. ಬೆಕ್ಕಿಗೆ ಹುಷಾರು ತಪ್ಪಿದಾಗ ಔಷಧ ಕೊಡುವುದು ನಿಮ್ಮ ಕೆಲಸವಲ್ಲ. ಬೇಗ ಗುರುತಿಸಿ, ತಡಮಾಡದೆ ಕರೆದೊಯ್ದು, ಕಂಡದ್ದನ್ನು ಕಂಡ ಹಾಗೆ ವೈದ್ಯರಿಗೆ ಹೇಳಿ. ಅರ್ಧ ಚಿಕಿತ್ಸೆ ಅಲ್ಲೇ ಆಯಿತು.

ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಮಂಚದಡಿ ಸೇರಿ ಸುಮ್ಮನಾಗುತ್ತದೆ. ಮಳೆಗಾಲ, ಮಲಗಿದೆ ಬಿಡು ಎಂದು ನಾವೂ ಸುಮ್ಮನಾಗುತ್ತೇವೆ. ಒಂದು ದಿನ ಪೂರ್ತಿ ಊಟ ಬಿಟ್ಟಿತೆಂದರೆ ಎಚ್ಚರಾಗಿ. ದಪ್ಪನೆಯ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು, ಮೊದಲಿನ ಕಾಯಿಲೆಗಿಂತ ಅದೇ ದೊಡ್ಡ ಕುತ್ತಾಗುತ್ತದೆ.

ಗಂಡು ಬೆಕ್ಕು ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ, ಕುಕ್ಕರಿಸಿ, ತಿಣುಕಿ, ಹನಿ ಮೂತ್ರವೂ ಬಾರದೆ ಎದ್ದು ಬಂದರೆ ಮಲಬದ್ಧತೆ ಎಂದುಕೊಳ್ಳಬೇಡಿ. ಮೂತ್ರನಾಳ ಕಟ್ಟಿರಬಹುದು. ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ವೈದ್ಯರು ಮಂಪರು ಬರಿಸಿ ಸಣ್ಣ ಕೊಳವೆ ತೂರಿಸಿ ಬಿಡಿಸಬಲ್ಲರು. ಬೆಳಿಗ್ಗೆ ನೋಡೋಣ ಎನ್ನುವ ಮಾತು ಇಲ್ಲಿ ಬೇಡ.

ಕೇರಳದ ಮನೆಗಳಲ್ಲಿ ಹಲ್ಲಿಗೆ ಬರವಿಲ್ಲ. ಹಲ್ಲಿ ಹಿಡಿದು ತಿನ್ನುವ ಬೆಕ್ಕಿನ ಪಿತ್ತನಾಳಕ್ಕೆ ಪ್ಲಾಟಿನೋಸೋಮಂ ಎಂಬ ಚಪ್ಪಟೆ ಹುಳು ಸೇರಬಹುದು. ಬಿಸಿಲೂ ತೇವವೂ ಇರುವ ನಾಡುಗಳ ಕಾಯಿಲೆ ಇದು. ಕಿಟಕಿಯ ಬೆಳಕಿಗೆ ಹಿಡಿದು ಕಿವಿಯ ಒಳಭಾಗ ನೋಡಿ, ತುಟಿ ಎತ್ತಿ ವಸಡು ನೋಡಿ. ಹಳದಿ ಕಂಡರೆ ಕಾಮಾಲೆ. ಮಲ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಸಿಗಬಹುದು. ಪಿತ್ತನಾಳ ಕಟ್ಟಿದ್ದರೆ ಮೊಟ್ಟೆ ಮಲಕ್ಕೆ ಬರುವುದೇ ಇಲ್ಲ. ಆದ್ದರಿಂದ ವೈದ್ಯರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಹೇಳಿದರೆ ದುಡ್ಡು ಮಾಡುತ್ತಿದ್ದಾರೆ ಎಂದು ಗೊಣಗಬೇಡಿ. ಔಷಧ ಪ್ರಾಜಿಕ್ವಾಂಟೆಲ್, ಆದರೆ ಜಂತುಹುಳಕ್ಕೆ ಕೊಡುವ ಮಾಮೂಲು ಪ್ರಮಾಣ ಇದಕ್ಕೆ ಸಾಲದು, ಎಷ್ಟೆಂದು ವೈದ್ಯರೇ ಹೇಳಬೇಕು.

ಮರಿ ತಂದವರು ಲಸಿಕೆ ಮರೆಯಬೇಡಿ. ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ಬಂದರೆ ವಾಂತಿ, ಭೇದಿ ಹತ್ತಿ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆ ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಡ್ರಿಪ್ಪು, ಆರೈಕೆಯೇ ಆಸರೆ. 6ರಿಂದ 8 ವಾರಕ್ಕೆ ಮೊದಲ ಚುಚ್ಚುಮದ್ದು ಹಾಕಿಸಿ, 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಮುಂದುವರಿಸಿ. ಈ ವೈರಸ್ ಮನೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದನ್ನು ತರಬೇಡಿ. ರೇಬೀಸ್ ಲಸಿಕೆಯೂ ಆಗಲಿ. ಬೆಕ್ಕು ಪರಚಿದರೆ, ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪುನೀರಲ್ಲಿ ತೊಳೆದು ನೀವೂ ಆಸ್ಪತ್ರೆಗೆ ಹೋಗಿ.

ಮುಖ್ಯವಾದ ಮಾತು: ಮೈ ಬಿಸಿ ಇದೆಯೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿನ ಮೈಶಾಖ ನಮಗಿಂತ ಹೆಚ್ಚು. 102 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಜ್ವರವಲ್ಲ. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕಿಲ್ಲ. ವಸಡು ಕಂದು ತಿರುಗಿ, ಮುಖ ಊದಿ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಪ್ರಾಣ ತೆಗೆಯಲು ಸಾಕು. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ.

ತಿರುವನಂತಪುರದವರಿಗೆ ಕುಡಪ್ಪನಕುನ್ನಿನಲ್ಲಿ ಸರ್ಕಾರದ ಬಹುತಜ್ಞತೆಯ ಪಶು ಆಸ್ಪತ್ರೆ ಇದೆ. ರೋಗ ಪತ್ತೆಗೆ ಪಾಲೋಡಿನಲ್ಲಿ ರಾಜ್ಯಮಟ್ಟದ ಸಂಸ್ಥೆಯಿದೆ. ಕೊಚ್ಚಿಯವರಿಗೆ ಎರ್ನಾಕುಳಂನ ಜಿಲ್ಲಾ ಪಶುವೈದ್ಯ ಕೇಂದ್ರ ಇದೆ. ಮಲಯಾಳ ಬಾರದಿದ್ದರೂ ಆಟೋದವರಿಗೆ 'ಮೃಗಾಶುಪತ್ರಿ' ಎಂದರೆ ಸಾಕು. ಹೋಗುವಾಗ ಬೆಕ್ಕು ತಿಣುಕುವುದನ್ನೋ ಕೆಮ್ಮುವುದನ್ನೋ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಊಟ ಬಿಟ್ಟದ್ದು ಯಾವಾಗ, ವಾಂತಿ ಎಷ್ಟು ಸಲ, ನೀವು ಏನಾದರೂ ಕೊಟ್ಟಿದ್ದೀರಾ, ಎಲ್ಲ ಬರೆದುಕೊಳ್ಳಿ. ಏನೋ ಕೊಟ್ಟದ್ದನ್ನು ಮುಚ್ಚಿಟ್ಟರೆ ವೈದ್ಯರ ಕೈ ಕಟ್ಟಿದಂತೆ.

ರಾತ್ರಿ ಹನ್ನೊಂದಕ್ಕೆ ಯಾರು ಬಾಗಿಲು ತೆರೆಯುತ್ತಾರೆ ಎಂಬುದನ್ನು ಬೆಕ್ಕು ಆರೋಗ್ಯವಾಗಿರುವಾಗಲೇ ವಿಚಾರಿಸಿ, ಆ ನಂಬರನ್ನು ಇವತ್ತೇ ಫೋನಿಗೆ ಹಾಕಿಕೊಳ್ಳಿ.