ಕ್ರಮಸಂಖ್ಯೆಯಿಂದ ಗಣತಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ರಸ್ತೆಗಳಲ್ಲಿ ಓಡಾಡುವ ವಾಹನಗಳ ಫಲಕದ ಮೇಲೆ ‘ಕೆಎ ೪೮’ ಎಂಬ ಗುರುತನ್ನು ವಾಚಕರು ಕಂಡಿರಬಹುದು. ಅದು ಜಮಖಂಡಿಯ ಸಾರಿಗೆ ಕಚೇರಿಯ ಸಂಕೇತ. ಅದರ ಮುಂದೆ ಶ್ರೇಣಿಯನ್ನು ಸೂಚಿಸುವ ಅಕ್ಷರಗಳೂ ಕೊನೆಯಲ್ಲಿ ನಾಲ್ಕು ಅಂಕಿಗಳೂ ಇರುತ್ತವೆ. ನಾಲ್ಕು ಅಂಕಿಗಳಿಂದ ೯೯೯೯ರವರೆಗೆ ಮಾತ್ರ ಎಣಿಸಬಹುದಾದುದರಿಂದ, ಒಂದು ಶ್ರೇಣಿ ತುಂಬಿದೊಡನೆ ಇನ್ನೊಂದನ್ನು ಆರಂಭಿಸಲೇಬೇಕು. ಕಚೇರಿಯ ದಫ್ತರವನ್ನು ನೋಡದೆ, ದಾರಿಯಲ್ಲಿ ಕಂಡ ಕೆಲವೇ ಫಲಕಗಳಿಂದ, ಒಂದು ಶ್ರೇಣಿಯಲ್ಲಿ ಎಷ್ಟು ಸಂಖ್ಯೆಗಳು ಹಂಚಿಹೋಗಿವೆಯೆಂದು ಹೇಳಬಹುದೆ?

ಸಂಖ್ಯೆಗಳನ್ನು ಕ್ರಮವಾಗಿ ಹಂಚಿದ್ದು, ನಮ್ಮ ಕಣ್ಣಿಗೆ ಬಿದ್ದವು ಯದೃಚ್ಛೆಯಾಗಿ ಬಿದ್ದವಾದರೆ, ಹೇಳಬಹುದು. ಒಂದೇ ಶ್ರೇಣಿಯ ಐದು ಫಲಕಗಳಲ್ಲಿ ೦೪೧೨, ೧೭೩೦, ೨೨೬೫, ೩೧೦೮, ೪೦೦೦ ಎಂಬ ಸಂಖ್ಯೆಗಳನ್ನು ಕಂಡೆವೆನ್ನೋಣ. ೪೦೦೦ದೊಳಗೆ ಕಾಣದೆ ಉಳಿದವು ೩೯೯೫. ಇವು ಐದು ತೆರಪುಗಳಲ್ಲಿ ಹಂಚಿಹೋಗಿವೆ. ಆದುದರಿಂದ ಒಂದು ತೆರಪಿನ ಸರಾಸರಿ ೭೯೯. ೪೦೦೦ದ ಆಚೆಗೂ ಅಷ್ಟೇ ತೆರಪಿರುವುದು ಸಂಭವನೀಯ. ಎಂದರೆ ಹಂಚಿದ ಸಂಖ್ಯೆಗಳು ಸುಮಾರು ೪೭೯೯.

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಗಣಿತಜ್ಞರು ಜರ್ಮನ್ ಟ್ಯಾಂಕುಗಳ ಕ್ರಮಸಂಖ್ಯೆಗಳಿಂದ ಇದೇ ಬಗೆಯ ಲೆಕ್ಕ ಹಾಕಿದರು. ೧೯೪೨ರ ಆಗಸ್ಟಿನ ಉತ್ಪಾದನೆಯನ್ನು ಗೂಢಚಾರರು ೧೫೫೦ ಎಂದರು. ಗಣಿತಜ್ಞರು ೩೨೭ ಎಂದರು. ಯುದ್ಧಾನಂತರ ದೊರೆತ ಜರ್ಮನ್ ದಾಖಲೆಯಲ್ಲಿದ್ದುದು ೩೪೨.

ಕಂಪ್ಯೂಟರಿನ ಪಠ್ಯ ಆಟಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಇವುಗಳಲ್ಲಿ ಚಿತ್ರವಿಲ್ಲ, ದೂರದೂರದ ಆಟಗಾರರು ಮಾತುಗಳನ್ನು ಬೆರಳಚ್ಚಿಸಿ ಒಂದೇ ಕಲ್ಪಿತ ಲೋಕದಲ್ಲಿ ಸಂಚರಿಸುತ್ತಾರೆ. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಈ ಜಾತಿಯ ಆಟಗಳ ಮೂಲಪುರುಷ. ಇಂಥ ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟಿದ್ದರೆ, ಕಂಡ ಕೆಲವು ಸಂಖ್ಯೆಗಳಿಂದ ಒಟ್ಟನ್ನು ಊಹಿಸಬಹುದು.

ಇಲ್ಲಿಯೂ ಮಿತಿಯುಂಟು. ೧೬ ದ್ವಿಮಾನ ಸ್ಥಾನಗಳಲ್ಲಿ ಸಂಖ್ಯೆಯನ್ನು ಬರೆದಿಟ್ಟರೆ ೬೫,೫೩೬ ಬೇರೆಬೇರೆ ಗುರುತುಗಳು ಮಾತ್ರ ಸಾಧ್ಯ. ಅನಂತರ ಹಳೆಯದನ್ನೇ ಮರಳಿ ಕೊಟ್ಟರೆ, ಹೊಸಬನ ಪಾಲಿಗೆ ಹಳಬನ ಆಸ್ತಿ ಬಂದೀತು! ಯೂಟ್ಯೂಬಿನ ವೀಕ್ಷಣಾ ಗಣಕ ೨,೧೪,೭೪,೮೩,೬೪೭ಕ್ಕಿಂತ ಮುಂದೆ ಎಣಿಸಲಾರದಂತಿತ್ತು. ಒಂದು ಕೊರಿಯನ್ ಹಾಡು ಆ ಎಲ್ಲೆಯನ್ನು ಸಮೀಪಿಸಿದಾಗ, ೨೦೧೪ರಲ್ಲಿ, ಅದನ್ನು ೬೪ ಸ್ಥಾನಗಳಿಗೆ ಹಿಗ್ಗಿಸಬೇಕಾಯಿತು.

ಆದರೆ ಹಂಚಿದ ಸಂಖ್ಯೆಯೇ ಇರುವವರ ಸಂಖ್ಯೆಯೆಂದು ಭ್ರಮಿಸಬಾರದು. ಗುಜರಿ ಸೇರಿದ ಲಾರಿಗೂ ಒಮ್ಮೆ ಸಂಖ್ಯೆಯಿತ್ತು. ಆಟವನ್ನು ತೊರೆದವನಿಗೂ ಇತ್ತು. ಒಬ್ಬನೇ ಹತ್ತು ಪಾತ್ರಗಳನ್ನು ಸೃಷ್ಟಿಸಿರಲೂಬಹುದು. ಇದನ್ನು ಮರೆತರೆ, ಬರಿದಾದ ಆಟವೂ ಜನಭರಿತವೆಂದು ತೋರುತ್ತದೆ.

ಈಗ ಆಡುತ್ತಿರುವವರನ್ನು ಎಣಿಸಲು, ಕೆರೆಯ ಮೀನುಗಳನ್ನು ಗುರುತು ಹಾಕಿ ಎಣಿಸುವ ಕ್ರಮವೇ ಉಚಿತ. ಒಂದು ಸಂಜೆ ೪೦ ಮಂದಿ, ಇನ್ನೊಂದು ಸಂಜೆ ೫೦ ಮಂದಿ ಕಂಡು, ೧೦ ಮಂದಿ ಎರಡೂ ಸಲ ಇದ್ದರೆನ್ನಿ. ಎರಡನೆಯ ಗುಂಪಿನಲ್ಲಿ ಐದನೆಯ ಒಂದು ಪಾಲು ಹಿಂದೆ ಕಂಡವರು. ಆದುದರಿಂದ ಮೊದಲಿನ ೪೦ ಮಂದಿಯೂ ಒಟ್ಟಿನ ಐದನೆಯ ಒಂದು ಪಾಲು. ಒಟ್ಟು ೨೦೦. ನಿತ್ಯವೂ ಬರುವವರು ಹೆಚ್ಚಾಗಿದ್ದರೆ ನಿಜವಾದ ಸಂಖ್ಯೆ ಇನ್ನೂ ಹಿರಿದಾಗಿರುತ್ತದೆ.

ವಿದ್ಯಾರ್ಥಿಗಳು ಸಂಖ್ಯೆ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ಐದೈದನ್ನು ಎತ್ತಿ, ಮೊದಲ ಲೆಕ್ಕವನ್ನು ಪರೀಕ್ಷಿಸಬಹುದು. ಒಂದೊಂದು ಸಲ ಉತ್ತರ ತಪ್ಪಿದರೂ, ಹಲವು ಸಲದ ಸರಾಸರಿ ನಿಜದ ಸಮೀಪಕ್ಕೆ ಬರುವುದನ್ನು ಅವರೇ ಕಾಣುವರು.