ಬೇಡಿಕೆ ಮತ್ತು ಪೂರೈಕೆ: ಊರ ಮಂಡಿಯಿಂದ ಅರ್ಥಶಾಸ್ತ್ರದ ತರಗತಿಗೆ

ಪೀಠಿಕೆ

ಹೊಸೂರು, ದೇಂಕಣಿಕೋಟೆ, ತಳಿ ಭಾಗಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ವಿದ್ಯಾರ್ಥಿಯು ಹನ್ನೊಂದನೆಯ ತರಗತಿಯಲ್ಲಿ ಅರ್ಥಶಾಸ್ತ್ರವನ್ನು ಆರಿಸಿಕೊಂಡರೆ ಅವನಿಗೆ ಮೊದಲು ಎದುರಾಗುವುದು ಸೂಕ್ಷ್ಮ ಅರ್ಥಶಾಸ್ತ್ರ. ಕಾಲೇಜಿನ ಮೊದಲ ವರ್ಷದಲ್ಲಿ ಅದೇ ವಿಷಯವು ರೇಖಾಚಿತ್ರ, ಸಮೀಕರಣಗಳೊಂದಿಗೆ ಮರಳಿ ಬರುತ್ತದೆ. ಆ ಹೊತ್ತಿಗೆ ಬೋಧನೆಯ ಭಾಷೆ ಅನೇಕರಿಗೆ ತಮಿಳು ಅಥವಾ ಇಂಗ್ಲಿಷ್ ಆಗಿರುತ್ತದೆ. ಟೊಮೆಟೊ ಬೆಲೆ ಕುಸಿದುದೇಕೆಂದು ಮನೆಯಲ್ಲಿ ಸರಿಯಾಗಿ ವಿವರಿಸಬಲ್ಲ ಹುಡುಗನು ತರಗತಿಯಲ್ಲಿ ಅದೇ ಪ್ರಶ್ನೆಗೆ ಮೌನವಾಗುತ್ತಾನೆ. ತನಗೆ ಅರ್ಥಶಾಸ್ತ್ರವೇ ಒಲಿಯದೆಂದು ತೀರ್ಮಾನಿಸಿಬಿಡುತ್ತಾನೆ. ಒಂಬತ್ತು, ಹತ್ತನೆಯ ತರಗತಿಗಳ ಸಮಾಜ ವಿಜ್ಞಾನ ಶಿಕ್ಷಕರು ಪರಿಕಲ್ಪನೆಯನ್ನು ಕನ್ನಡದಲ್ಲಿ ಭದ್ರಪಡಿಸಿ, ಅದರ ಬೇರೆ ಹೆಸರುಗಳನ್ನೂ ಪರಿಚಯಿಸಿ ಕಳುಹಿಸಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಪದಗಳ ಸ್ವಾರಸ್ಯ ಮತ್ತು ತೊಡಕು

ಕನ್ನಡದ ‘ಬೇಡಿಕೆ’ಯು ‘ಬೇಡು’ ಎಂಬ ಧಾತುವಿನಿಂದ ಬಂದುದು. ತಮಿಳು ಪಠ್ಯದಲ್ಲಿ ಇದಕ್ಕೆ ‘ತೇವೈ’ ಎನ್ನುತ್ತಾರೆ. ಆಡುಮಾತಿನಲ್ಲಿ ಅದರ ಅರ್ಥ ಅಗತ್ಯ. ಆದರೆ ಬರಿಯ ಬೇಡುವಿಕೆಯಾಗಲಿ, ಬರಿಯ ಅಗತ್ಯವಾಗಲಿ ಅರ್ಥಶಾಸ್ತ್ರದ ಬೇಡಿಕೆಯಲ್ಲ. ಕೊಳ್ಳುವ ಇಚ್ಛೆ, ಬೆಲೆ ತೆರುವ ಶಕ್ತಿ, ತೆರಲು ಸಿದ್ಧತೆ ಈ ಮೂರೂ ಕೂಡಿದಾಗ ಮಾತ್ರ ಅದು ಬೇಡಿಕೆ. ಔಷಧದ ಅಗತ್ಯವಿದ್ದೂ ಹಣವಿಲ್ಲದ ರೋಗಿಯ ಬಯಕೆಯು ಮಾರುಕಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಇದು ವಿದ್ಯಾರ್ಥಿಗಳು ಚರ್ಚಿಸಲೇಬೇಕಾದ ಸಂಗತಿ.

‘ಪೂರೈಕೆ’ಗೆ ತಮಿಳಿನಲ್ಲಿ ‘ಅಳಿಪ್ಪು’. ಅಲ್ಲಿ ಅದು ‘ಕೊಡುವಿಕೆ’ ಎಂಬ ಅರ್ಥದ ಪದ. ಕನ್ನಡದ ಕಿವಿಗೆ ‘ಅಳಿ’ ಎಂದರೆ ನಾಶವಾಗು! ಈ ಒಂದು ಪದದ ಬಳಿ ಮಗುವು ತಡವರಿಸಿದರೆ ಆಶ್ಚರ್ಯವಿಲ್ಲ. ಇನ್ನೊಂದೆಡೆ ‘ಬೆಲೆ’ ಮತ್ತು ‘ವಿಲೈ’ ಒಂದೇ ಮೂಲದ ಪದಗಳಾದುದರಿಂದ ನೆನಪಿನಲ್ಲಿ ಸುಲಭವಾಗಿ ಉಳಿಯುತ್ತವೆ. ‘ಯುಟಿಲಿಟಿ’ಗೆ ತಮಿಳಿನ ‘ಪಯನ್ಪಾಡು’ ಉಪಯೋಗವನ್ನು ಸೂಚಿಸಿದರೆ ಕನ್ನಡದ ‘ತುಷ್ಟಿಗುಣ’ವು ತೃಪ್ತಿಯನ್ನು ಸೂಚಿಸುತ್ತದೆ. ಶಾಸ್ತ್ರದ ಅರ್ಥಕ್ಕೆ ಇಲ್ಲಿ ಕನ್ನಡದ ಪದವೇ ಹೆಚ್ಚು ಸಮೀಪ. ಹೀಗೆ ಮೂರು ಭಾಷೆಗಳ ಪದಗಳನ್ನು ಹೋಲಿಸುವ ಮಗುವು ವ್ಯಾಖ್ಯೆಯನ್ನು ಕಂಠಪಾಠ ಮಾಡದೆಯೇ ಗ್ರಹಿಸುತ್ತದೆ.

ಸಮತೋಲನ ಬೆಲೆ: ಟೊಮೆಟೊ

ರಾಯಕೋಟೆಯ ಟೊಮೆಟೊ ಮಾರುಕಟ್ಟೆಯನ್ನು ಬಲ್ಲ ವಿದ್ಯಾರ್ಥಿಗಳ ಮುಂದೆ, ಎಣಿಕೆಯ ಸೌಕರ್ಯಕ್ಕಾಗಿ ಕಲ್ಪಿಸಿದ ಈ ಅಂಕಿಗಳನ್ನು ಇಡಬಹುದು:

ಕಿಲೋ ಬೆಲೆ 10 ರೂ.: ಬೇಡಿಕೆ 90 ಕ್ರೇಟ್, ಪೂರೈಕೆ 30 ಕ್ರೇಟ್
ಕಿಲೋ ಬೆಲೆ 20 ರೂ.: ಬೇಡಿಕೆ 60 ಕ್ರೇಟ್, ಪೂರೈಕೆ 60 ಕ್ರೇಟ್
ಕಿಲೋ ಬೆಲೆ 30 ರೂ.: ಬೇಡಿಕೆ 30 ಕ್ರೇಟ್, ಪೂರೈಕೆ 90 ಕ್ರೇಟ್

ಬೆಲೆ 30 ರೂಪಾಯಿ ಇದ್ದರೆ 60 ಕ್ರೇಟ್ ಮಾರಾಟವಾಗದೆ ಉಳಿಯುತ್ತವೆ, ಬೆಲೆ ಇಳಿಯುತ್ತದೆ. 10 ರೂಪಾಯಿ ಇದ್ದರೆ 60 ಕ್ರೇಟ್ ಸಾಲದೆ ಬರುತ್ತವೆ, ಬೆಲೆ ಏರುತ್ತದೆ. ಇಳಿಕೆಯೂ ಏರಿಕೆಯೂ ನಿಲ್ಲುವುದು 20 ರೂಪಾಯಿಯಲ್ಲಿ. ಇದೇ ಸಮತೋಲನ ಬೆಲೆ. ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ‘ಅರ್ಥಶಾಸ್ತ್ರದ ತತ್ತ್ವಗಳು’ ಎಂಬ ಗ್ರಂಥದಲ್ಲಿ ಬೇಡಿಕೆ ಪೂರೈಕೆಗಳನ್ನು ಕತ್ತರಿಯ ಎರಡು ಅಲಗುಗಳಿಗೆ ಹೋಲಿಸಿದರು. ಕತ್ತರಿಸಿದ್ದು ಯಾವ ಅಲಗು ಎಂದು ಕೇಳುವುದು ವ್ಯರ್ಥ.

ರೇಖಾಚಿತ್ರ ಬರೆಯಿಸುವಾಗ ಒಂದು ಎಚ್ಚರಿಕೆ ಅಗತ್ಯ. ಗಣಿತದಲ್ಲಿ ಕಾರಣವಾದ ಚರಾಂಶವನ್ನು ಅಡ್ಡ ಅಕ್ಷದ ಮೇಲೆ ಗುರುತಿಸುವುದು ವಾಡಿಕೆ. ಅರ್ಥಶಾಸ್ತ್ರದಲ್ಲಿ ಬೆಲೆಯನ್ನು ಲಂಬ ಅಕ್ಷದ ಮೇಲೆ ಗುರುತಿಸುತ್ತಾರೆ. ಈ ವ್ಯತ್ಯಾಸವನ್ನು ಮೊದಲೇ ತಿಳಿಸದಿದ್ದರೆ ಗಣಿತದಲ್ಲಿ ಜಾಣನಾದ ವಿದ್ಯಾರ್ಥಿಯೇ ಹೆಚ್ಚು ಗೊಂದಲಕ್ಕೀಡಾಗುತ್ತಾನೆ.

ರೇಖೆಯ ಸ್ಥಾನಪಲ್ಲಟ: ಗುಲಾಬಿ

ಹೊಸೂರಿನ ಹಸಿರುಮನೆಗಳ ಗುಲಾಬಿಯು ಫೆಬ್ರವರಿ 14ರ ಪ್ರೇಮಿಗಳ ದಿನಕ್ಕಾಗಿ ಹೊರದೇಶಗಳಿಗೂ ಹೋಗುತ್ತದೆ. ಆ ದಿನಗಳಲ್ಲಿ ಬೆಲೆಯೂ ಏರುತ್ತದೆ, ಕೊಳ್ಳುವವರೂ ಹೆಚ್ಚುತ್ತಾರೆ. ಬೆಲೆ ಏರಿದರೆ ಬೇಡಿಕೆ ತಗ್ಗಬೇಕೆಂಬ ನಿಯಮವು ಸುಳ್ಳಾಯಿತೇ ಎಂದು ವಿದ್ಯಾರ್ಥಿ ಕೇಳಿದರೆ ಆ ಪ್ರಶ್ನೆಯನ್ನು ಸ್ವಾಗತಿಸಬೇಕು. ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಮಾತು ನಿಯಮದ ಅಲಂಕಾರವಲ್ಲ, ಅದರ ಆಧಾರ. ಹಬ್ಬದ ದಿನ ಜನರ ಅಭಿರುಚಿಯೇ ಬದಲಾಗಿರುವುದರಿಂದ ಬೇಡಿಕೆಯ ರೇಖೆಯು ಸಂಪೂರ್ಣವಾಗಿ ಬಲಕ್ಕೆ ಸರಿದಿದೆ. ಬೆಲೆ ಮಾತ್ರ ಬದಲಾದರೆ ಅದೇ ರೇಖೆಯ ಮೇಲೆ ಚಲನೆ. ಅಭಿರುಚಿ, ಆದಾಯಗಳಂತಹ ಇತರ ಅಂಶಗಳು ಬದಲಾದರೆ ರೇಖೆಯೇ ಸ್ಥಾನ ಬದಲಿಸುತ್ತದೆ. ಕಾಲೇಜಿನ ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಎಡವುವ ಮುಖ್ಯ ಸ್ಥಳಗಳಲ್ಲಿ ಇದೂ ಒಂದು.

ಕಾಲದ ಪಾತ್ರ: ಮಾವು

ಕೊಯ್ದು ಮಂಡಿಗೆ ತಂದ ಟೊಮೆಟೊವನ್ನು ರೈತನು ಬಹುಕಾಲ ಇಟ್ಟುಕೊಳ್ಳಲಾರ. ಆ ದಿನದ ಪೂರೈಕೆ ಬಹುಮಟ್ಟಿಗೆ ಸ್ಥಿರ. ಮುಂದಿನ ಹಂಗಾಮಿಗೆ ನಾಟಿಯನ್ನು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು. ಕೃಷ್ಣಗಿರಿಯ ತೋತಾಪುರಿ ಮಾವಿನ ಸ್ಥಿತಿ ಬೇರೆ. ತಿರುಳು ಕಾರ್ಖಾನೆಗಳ ಬೇಡಿಕೆ ಈ ವರ್ಷ ಏರಿದರೂ ಹೊಸ ಗಿಡವು ಫಲ ಕೊಡಲು ವರ್ಷಗಳು ಬೇಕು. ಪೂರೈಕೆಯ ಸ್ಥಿತಿಸ್ಥಾಪಕತ್ವವು ಕಾಲಾವಧಿಯನ್ನು ಅವಲಂಬಿಸಿದೆ ಎಂಬ ತತ್ತ್ವವು ಇವೆರಡು ಬೆಳೆಗಳಿಂದಲೇ ಸ್ಪಷ್ಟವಾಗುತ್ತದೆ.

ತರಗತಿ ಚಟುವಟಿಕೆ

1. ವಿದ್ಯಾರ್ಥಿಗಳು ನಾಲ್ಕು ವಾರ ಒಂದೇ ತರಕಾರಿಯ ಸಂತೆಯ ಬೆಲೆಯನ್ನು ಬರೆದಿಟ್ಟು, ಏರಿಳಿತಕ್ಕೆ ಕಾರಣಗಳನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಲಿ.
2. ಬೇಡಿಕೆ, ಪೂರೈಕೆ, ಬೆಲೆ, ತುಷ್ಟಿಗುಣ ಈ ಪದಗಳಿಗೆ ತಮಿಳು, ಇಂಗ್ಲಿಷ್ ಸಮಾನಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಪ್ರತಿಯೊಂದರ ಆಡುಮಾತಿನ ಅರ್ಥವನ್ನೂ ಶಾಸ್ತ್ರೀಯ ಅರ್ಥವನ್ನೂ ಗುರುತಿಸಲಿ. ತೆಲುಗು ಮನೆಮಾತಿನ ಮಕ್ಕಳಿದ್ದರೆ ಆ ಪದಗಳೂ ಸೇರಲಿ.

ಮೌಲ್ಯಮಾಪನ

1. ಅಗತ್ಯಕ್ಕೂ ಬೇಡಿಕೆಗೂ ಇರುವ ವ್ಯತ್ಯಾಸವನ್ನು ಸ್ವಂತ ಉದಾಹರಣೆಯಿಂದ ವಿವರಿಸಿರಿ.
2. ಮೇಲಿನ ಅಂಕಿಗಳಲ್ಲಿ ಪ್ರತಿ ಬೆಲೆಗೂ ಪೂರೈಕೆಯು 30 ಕ್ರೇಟ್ ಹೆಚ್ಚಿದರೆ ಬೆಲೆಯು ಯಾವ ಕಡೆಗೆ ಚಲಿಸುತ್ತದೆ? ಏಕೆ?
3. ಈ ಸಲ ಬೆಲೆ ಏರಿತೆಂದು ಊರಿನವರೆಲ್ಲರೂ ಮುಂದಿನ ಸಲ ಟೊಮೆಟೊವನ್ನೇ ನಾಟಿ ಮಾಡಿದರೆ ಏನಾಗುತ್ತದೆ?
4. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಗುಲಾಬಿ ಬೆಳೆದಾಗ ರೈತನು ಬಿಟ್ಟುಕೊಟ್ಟದ್ದೇನು? ‘ಅವಕಾಶ ವೆಚ್ಚ’ ಎಂಬ ಪದವನ್ನು ಬಳಸಿ ಉತ್ತರಿಸಿರಿ.

ಉತ್ತರಗಳನ್ನು ತಿದ್ದುವಾಗ ಮೊದಲು ತರ್ಕವನ್ನೂ ಅನಂತರ ಪಾರಿಭಾಷಿಕ ಪದವನ್ನೂ ಪರಿಶೀಲಿಸುವುದು ಉಚಿತ. ತರ್ಕವು ಸರಿಯಾಗಿದ್ದು ಪದ ಮಾತ್ರ ತಪ್ಪಿದ್ದರೆ ಆ ವಿದ್ಯಾರ್ಥಿಗೆ ಹಾಗೆಂದು ಸ್ಪಷ್ಟವಾಗಿ ತಿಳಿಸಬೇಕು. ಮುಂದೆ ಅಪರಿಚಿತ ಭಾಷೆಯ ತರಗತಿಯಲ್ಲಿ ಕುಳಿತಾಗ, ತನಗೆ ತಿಳಿಯದಿರುವುದು ವಿಷಯವೋ ಪದವೋ ಎಂದು ವಿಂಗಡಿಸಿ ನೋಡುವ ಧೈರ್ಯವು ಅವನಿಗೆ ಅದರಿಂದ ದೊರೆಯುತ್ತದೆ.